ಒಂಟಿಯಾಗಿ ಕಟ್ಟಿದ ಹಸುವಿಗೆ ಮೊದಲು ಏನು ಕೊಡಬೇಕು: ಜೊತೆ, ಮೇವು, ಬ್ರಷ್ ಅಥವಾ ಬಯಲು?

ನಮ್ಮ ಕೊಟ್ಟಿಗೆಯ ಕಲ್ಲುಕಂಬವೊಂದು ನೆಲದಿಂದ ಮೂರು ನಾಲ್ಕು ಅಡಿ ಎತ್ತರದಲ್ಲಿ ಎಣ್ಣೆ ಸವರಿದಂತೆ ನುಣುಪಾಗಿದೆ. ಆ ಕಂಬದ ಪಕ್ಕದಲ್ಲೇ ವರ್ಷಗಟ್ಟಲೆ ಕಟ್ಟಿಹಾಕಿದ್ದ ಒಂದೇ ಹಸು ತನ್ನ ಕತ್ತು, ದವಡೆ, ಕೊಂಬಿನ ಬುಡಗಳನ್ನು ತಿಕ್ಕಿ ತಿಕ್ಕಿ ಮಾಡಿದ ಗುರುತು ಅದು. ಹಗ್ಗ ಬಿಟ್ಟಷ್ಟು ದೂರದಲ್ಲಿ ಅದಕ್ಕೆ ಎಟುಕುತ್ತಿದ್ದದ್ದು ಗೋದಲಿ, ನೀರಿನ ತೊಟ್ಟಿ ಮತ್ತು ಆ ಕಂಬ, ಇಷ್ಟೇ. ಬೆನ್ನು ಮತ್ತು ಬಾಲದ ಬುಡ ಕಂಬಕ್ಕೆ ತಾಗುವಂತಿರಲಿಲ್ಲವಾದ್ದರಿಂದ ಆ ಜಾಗದಲ್ಲಿ ಹೊಟ್ಟು ಎದ್ದಿರುತ್ತಿತ್ತು. ಹೊತ್ತಿಗೆ ಸರಿಯಾಗಿ ಹಿಂಡಿ, ಬೂಸಾ, ನೀರು ಎಲ್ಲವೂ ಸಿಗುತ್ತಿದ್ದ ಆ ಹಸುವಿಗೆ ಏನೋ ಕಡಿಮೆಯಾಗಿದೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ, ಆ ಕಂಬವನ್ನು ಕೈಯಿಂದ ಸವರಿ ನೋಡಿದ ದಿನ.

ಮಂಡ್ಯ, ಹಾಸನ, ತುಮಕೂರು, ಕೋಲಾರದ ಕಡೆ ಒಂದೋ ಎರಡೋ ಮಿಶ್ರತಳಿ ಹಸುಗಳನ್ನು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಮನೆಗಳು ಲೆಕ್ಕವಿಲ್ಲದಷ್ಟಿವೆ. ಇಂಥ ಮನೆಗಳಲ್ಲಿ ಹಸು ಒಂಟಿಯಾಗಿರುವುದು ಯಾರ ತಪ್ಪೂ ಅಲ್ಲ. ಸಾಕಲು ಆಗುವುದೇ ಒಂದು. ಇದಲ್ಲದೆ ತಾಯಿಯಿಂದ ದೂರ ಕಟ್ಟಿದ ಕರು, ಸಂತೆಯಿಂದ ತಂದು ಬೇರೆ ಇಟ್ಟ ಹೊಸ ಹಸು, ಕಾಯಿಲೆ ಬಿದ್ದದ್ದು, ಬೀಜದ ಹೋರಿ ಇವೂ ಒಂಟಿಯಾಗಿಯೇ ದಿನ ಕಳೆಯುತ್ತವೆ. ಅಂಥ ದನದ ಸುತ್ತಮುತ್ತಲಿಗೆ ಏನಾದರೂ ಸೇರಿಸಿ ಅದರ ಬಾಯಿಗೆ, ಚರ್ಮಕ್ಕೆ, ಕಾಲಿಗೆ, ಮನಸ್ಸಿಗೆ ಕೆಲಸ ಕೊಡುವುದನ್ನು ಪಶುವಿಜ್ಞಾನದಲ್ಲಿ ಪರಿಸರ ಪುಷ್ಟೀಕರಣ ಎನ್ನುತ್ತಾರೆ. ಇರುವ ಹಣ, ಜಾಗ ಮತ್ತು ಹೊತ್ತಿನಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬುದನ್ನು ಹೋಲಿಸಿ ನೋಡುವುದು ಈ ಬರಹದ ಕೆಲಸ. ಅಂಗಡಿಯಲ್ಲಿ ಏನು ಸಿಗುತ್ತದೆ ಎಂಬಲ್ಲಿಂದ ಶುರು ಮಾಡದೆ, ಕಟ್ಟಿದ ದನ ಏನು ಮಾಡಲು ಹೋಗಿ ಮಾಡಲಾಗದೆ ನಿಂತಿದೆ ಎಂಬಲ್ಲಿಂದ ಶುರು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆರಿಸುವ ಮೊದಲು ನೋಡಬೇಕಾದದ್ದು

ಮೇಯಲು ಬಿಟ್ಟ ದನ ದಿನದಲ್ಲಿ ಎಂಟು ಹತ್ತು ಗಂಟೆ ಮೇಯುತ್ತದೆ, ಏಳೆಂಟು ಗಂಟೆ ಮೆಲುಕು ಹಾಕುತ್ತದೆ, ಹತ್ತು ಹನ್ನೆರಡು ಗಂಟೆ ಮಲಗಿರುತ್ತದೆ. ಮಲಗಿದಾಗಲೇ ಬಹುಪಾಲು ಮೆಲುಕು ನಡೆಯುತ್ತದೆ. ಕಟ್ಟಿದ ಹಸುವಿಗೆ ಕತ್ತರಿಸಿದ ಮೇವು ಮತ್ತು ಹಿಂಡಿಯನ್ನು ಎರಡು ಹೊತ್ತು ಸುರಿದರೆ, ನಾಲಿಗೆಯಿಂದ ಹುಲ್ಲನ್ನು ಸುತ್ತಿ ಕಿತ್ತು ತಿನ್ನುವ ಕೆಲಸ ಬೇಗನೆ ಮುಗಿದುಹೋಗುತ್ತದೆ. ಹೊಟ್ಟೆ ತುಂಬಿದರೂ ನಾಲಿಗೆಗೆ ಕೆಲಸ ಸಿಗದಿದ್ದಾಗ ಕೆಲವು ದನಗಳು ನಾಲಿಗೆಯನ್ನು ಹೊರಚಾಚಿ ಗಾಳಿಯಲ್ಲಿ ಹೊರಳಿಸುತ್ತವೆ, ಹಗ್ಗ ಅಗಿಯುತ್ತವೆ, ಗೋದಲಿಯ ಅಂಚನ್ನು ಗಂಟೆಗಟ್ಟಲೆ ನೆಕ್ಕುತ್ತವೆ. ಸ್ವೀಡನ್ನಿನ ಇಂಗ್ರಿಡ್ ರೆಡ್ಬೊ ಅವರು 1990ರ ಸುಮಾರಿಗೆ ಕಟ್ಟಿಹಾಕಿದ ಕಡಸುಗಳನ್ನು ಗಮನಿಸಿದಾಗ, ಕೊಟ್ಟಿಗೆಯಲ್ಲಿ ಕಾಣಿಸಿಕೊಳ್ಳುತ್ತಿದ್ದ ಇಂಥ ವರ್ತನೆ ಬೇಸಿಗೆಯಲ್ಲಿ ಹುಲ್ಲುಗಾವಲಿಗೆ ಬಿಟ್ಟ ಕೂಡಲೇ ಮಾಯವಾಗಿ, ಮತ್ತೆ ಕಟ್ಟಿದಾಗ ಮರಳಿ ಬಂತು. ಇದನ್ನು ದನದ ಕೆಟ್ಟ ಗುಣ ಎಂದು ಬೈಯುವ ಮೊದಲು ಈ ಮಾತನ್ನು ನೆನೆಯಬೇಕು.

ಆದರೆ ಎಲ್ಲ ವಿಚಿತ್ರ ನಡವಳಿಕೆಗೂ ಬೇಸರವೇ ಕಾರಣವಲ್ಲ. ಬಟ್ಟೆ, ಮೂಳೆ, ಚಪ್ಪಲಿ, ಮಣ್ಣು ಏನು ಸಿಕ್ಕರೂ ಮೆಲ್ಲುವ ಹಸುವಿಗೆ ರಂಜಕದ ಕೊರತೆಯೋ ಹೊಟ್ಟೆಹುಳುವೋ ಇರಬಹುದು. ಅದಕ್ಕೆ ಬೇಕಾದದ್ದು ಖನಿಜ ಮಿಶ್ರಣ ಮತ್ತು ಜಂತುಹುಳುವಿನ ಔಷಧಿ, ಆಟದ ಸಾಮಾನಲ್ಲ. ಎಡೆಬಿಡದೆ ಮೈ ತಿಕ್ಕುವ ದನದ ಕೂದಲು ಬಿಡಿಸಿ ಉಣ್ಣೆ, ಹೇನು, ಕಜ್ಜಿ ಇದೆಯೇ ನೋಡಬೇಕು. ಏಳುವಾಗ ಮುಂಗಾಲಿನ ಮೇಲೆ ಮೊದಲು ಎದ್ದು ನಾಯಿಯಂತೆ ಕುಳಿತುಕೊಳ್ಳುವ ಹಸುವಿಗೆ ಮುಂದೆ ತಲೆ ಚಾಚಲು ಜಾಗವಿಲ್ಲ ಎಂದು ತಿಳಿಯಬೇಕು. ಏಕೆಂದರೆ ದನ ಏಳುವ ಸಹಜ ರೀತಿಯೇ ಬೇರೆ: ಮುಂಗಾಲ ಮಂಡಿಯ ಮೇಲೆ ಭಾರ ಹಾಕಿ, ತಲೆಯನ್ನು ರಭಸದಿಂದ ಮುಂದಕ್ಕೆ ಚಾಚಿ, ಹಿಂಗಾಲನ್ನು ಮೊದಲು ಎತ್ತುತ್ತದೆ. ಇಂಥ ಮೂಲ ತೊಂದರೆಗಳನ್ನು ಸರಿಪಡಿಸದೆ ಬ್ರಷ್ ತಂದು ನೇತುಹಾಕಿದರೆ ಪ್ರಯೋಜನವಿಲ್ಲ.

ಜೊತೆ: ಎಲ್ಲಕ್ಕಿಂತ ಬೆಲೆಯುಳ್ಳದ್ದು, ಕೊಡಲು ಎಲ್ಲಕ್ಕಿಂತ ಕಷ್ಟವಾದದ್ದು

ದನ ಹಿಂಡಿನ ಪ್ರಾಣಿ. ಗುಂಪಿನಲ್ಲಿದ್ದಾಗ ಒಂದರ ಕತ್ತನ್ನು ಇನ್ನೊಂದು ನೆಕ್ಕುವುದು, ಒಟ್ಟಿಗೆ ಮಲಗುವುದು, ಒಟ್ಟಿಗೆ ಏಳುವುದು ಅದರ ಬದುಕಿನ ಭಾಗ. ಗುಂಪಿನಿಂದ ಬೇರೆ ಮಾಡಿದ ಕಡಸು ಕೂಗುತ್ತದೆ, ಅದರ ಎದೆಬಡಿತ ಏರುತ್ತದೆ. ಹಾಗಾಗಿ ಸಾಧ್ಯವಿರುವ ಕಡೆ ಬೇರೆ ಎಲ್ಲಕ್ಕಿಂತ ಮೊದಲು ಕೊಡಬೇಕಾದದ್ದು ಇನ್ನೊಂದು ದನದ ಸಾಮೀಪ್ಯ. ಇದರ ಅರ್ಥ ಇನ್ನೊಂದು ಹಸುವನ್ನು ಕೊಳ್ಳಲೇಬೇಕು ಎಂದಲ್ಲ. ಗೋಡೆಯ ಆಚೆ ಪಕ್ಕದ ಮನೆಯ ಹಸು ಇದ್ದರೆ, ಗೋಡೆಯ ಮೇಲ್ಭಾಗ ತೆಗೆದು ಪರಸ್ಪರ ಕಾಣುವಂತೆ ಮಾಡುವುದೂ ಒಂದು ಜೊತೆಯೇ. ಹಗಲು ಹೊತ್ತು ಒಂದೇ ತೋಟದಲ್ಲಿ ಎರಡು ಮನೆಯ ಹಸುಗಳನ್ನು ಎದುರುಬದುರಾಗಿ ಕಟ್ಟುವುದು ನಮ್ಮ ಕಡೆ ಹಿಂದಿನಿಂದ ಇರುವ ರೂಢಿ, ಅದನ್ನು ಬಿಡಬಾರದು. ಹೊಸದಾಗಿ ತಂದ ಹಸುವನ್ನು ಮಾತ್ರ ಎರಡು ಮೂರು ವಾರ ಬೇರೆ ಇಟ್ಟು, ಕಾಲುಬಾಯಿ ಜ್ವರವೋ ಚರ್ಮಗಂಟು ರೋಗವೋ ಇಲ್ಲವೆಂದು ಖಾತ್ರಿಯಾದ ಮೇಲೆ ಹತ್ತಿರ ತರಬೇಕು; ಅಷ್ಟು ದಿನ ದೂರದಿಂದಲಾದರೂ ಇನ್ನೊಂದು ದನ ಅದರ ಕಣ್ಣಿಗೆ ಬೀಳುವಂತಿರಲಿ.

ಕುರಿ ಮೇಕೆಗಳನ್ನು ಜೊತೆಗೆ ಕಟ್ಟಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಏನೂ ಇಲ್ಲದಿರುವುದಕ್ಕಿಂತ ಮೇಕೆ ಮೇಲು. ಕುರಿಯ ವಿಷಯದಲ್ಲಿ ನಾನು ಹಿಂಜರಿಯುತ್ತೇನೆ, ಏಕೆಂದರೆ ಕುರಿಯಲ್ಲಿ ಯಾವ ಲಕ್ಷಣವನ್ನೂ ತೋರದೆ ಇರುವ ಒಂದು ವೈರಾಣು ದನಕ್ಕೆ ತಗುಲಿದರೆ ಮ್ಯಾಲಿಗ್ನೆಂಟ್ ಕಟಾರಲ್ ಜ್ವರ ಎಂಬ ಮಾರಕ ಕಾಯಿಲೆ ಬರುತ್ತದೆ. ಕನ್ನಡಿ ಇಡುವುದನ್ನೂ ಪ್ರಯೋಗ ಮಾಡಿ ನೋಡಿದ್ದಾರೆ: 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂಟಿಯಾಗಿ ನಿಲ್ಲಿಸಿದ ಕಡಸುಗಳ ಎದುರಿಗೆ ಕನ್ನಡಿ ಇಟ್ಟಾಗ ಅವುಗಳ ಎದೆಬಡಿತವೂ ಚಡಪಡಿಕೆಯೂ ತಗ್ಗಿದವು. ಚಿಕಿತ್ಸೆಗಾಗಿ ಸ್ವಲ್ಪ ಹೊತ್ತು ಒಂಟಿಯಾಗಿ ನಿಲ್ಲಿಸಬೇಕಾದಾಗ ಇದು ಉಪಯೋಗಕ್ಕೆ ಬರಬಹುದು. ವರ್ಷವಿಡೀ ಕಟ್ಟಿದ ಹಸುವಿಗೆ ಕನ್ನಡಿಯನ್ನು ಜೊತೆಯೆಂದು ಒಪ್ಪಿಸುವುದು ನನಗೆ ಸರಿ ಕಾಣುವುದಿಲ್ಲ, ಮೇಲಾಗಿ ಕೊಟ್ಟಿಗೆಯಲ್ಲಿ ಗಾಜು ಅಪಾಯ.

ಕರುವಿನ ಲೆಕ್ಕವೇ ಬೇರೆ

ಕರುವಿನ ವಿಷಯದಲ್ಲಿ ಜೊತೆ ಎಂಬುದು ಕೇವಲ ನೆಮ್ಮದಿಯ ಮಾತಲ್ಲ, ಕಲಿಯುವ ಶಕ್ತಿಯ ಮಾತೂ ಹೌದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಒಂದು ಬಣ್ಣದ ಪರದೆ ಕಂಡರೆ ಹಾಲು ಸಿಗುತ್ತದೆ, ಇನ್ನೊಂದು ಬಣ್ಣಕ್ಕೆ ಸಿಗುವುದಿಲ್ಲ ಎಂದು ಕರುಗಳಿಗೆ ಕಲಿಸಲಾಯಿತು. ಅಷ್ಟನ್ನು ಒಂಟಿ ಕರುಗಳೂ ಕಲಿತವು. ಆದರೆ ನಿಯಮವನ್ನು ತಿರುವುಮುರುವು ಮಾಡಿದಾಗ ಜೊತೆಯಲ್ಲಿ ಬೆಳೆದ ಕರುಗಳು ಬದಲಾವಣೆಗೆ ಹೊಂದಿಕೊಂಡವು, ಒಂಟಿಯಾಗಿ ಬೆಳೆದವು ಬಹಳ ಹಿಂದೆ ಬಿದ್ದವು. ಹೊಸ ಮೇವನ್ನು ಮೂಸಿ ನೋಡಿ ತಿನ್ನಲು ಒಪ್ಪುವುದರಲ್ಲೂ ಜೊತೆಯ ಕರುಗಳೇ ಮುಂದು. ಹಾಲು ಬಿಡಿಸುವ ಹೊತ್ತಿಗೆ ಅವು ಹೆಚ್ಚು ಹಿಂಡಿ ಮೇವು ತಿಂದು ಚೆನ್ನಾಗಿ ತೂಗುತ್ತವೆ. ಐರೋಪ್ಯ ಒಕ್ಕೂಟದ ನಿಯಮದಂತೆ ಎಂಟು ವಾರ ದಾಟಿದ ಕರುವನ್ನು ಒಂಟಿ ಗೂಡಿನಲ್ಲಿ ಇಡುವಂತಿಲ್ಲ, ಅದಕ್ಕೆ ಮುಂಚೆಯೂ ಗೂಡಿನ ಗೋಡೆ ಪಕ್ಕದ ಕರುವನ್ನು ಕಾಣಲು ಮತ್ತು ಮುಟ್ಟಲು ಆಗುವಂತೆ ಕಿಂಡಿಗಳಿಂದ ಕೂಡಿರಬೇಕು. ಕರು ಹೊರಳಿ ತಿರುಗಲೂ ಆಗದಂಥ ಇಕ್ಕಟ್ಟಾದ ಒಂಟಿ ಕರುಗೂಡುಗಳನ್ನು ಬ್ರಿಟನ್ 1990ರಲ್ಲೇ ನಿಷೇಧಿಸಿತು.

ಮನೆಯಲ್ಲಿ ಒಂದೇ ಹಸು ಇದ್ದು ಒಂದೇ ಕರು ಇದ್ದಾಗ ಜೊತೆಗೆ ಇನ್ನೊಂದು ಕರು ಎಲ್ಲಿಂದ ತರುವುದು? ಈ ಸ್ಥಿತಿಯಲ್ಲಿ ನಮ್ಮ ಹಳೆಯ ಪದ್ಧತಿಯೇ ದೊಡ್ಡ ದಾರಿ ತೋರಿಸುತ್ತದೆ. ಕರೆಯುವ ಮುಂಚೆ ಕರು ಬಿಟ್ಟು, ಕರೆದ ಮೇಲೆ ಮತ್ತೊಮ್ಮೆ ಬಿಟ್ಟು, ಉಳಿದ ಹೊತ್ತಿನಲ್ಲಿ ತಾಯಿಯ ನಾಲಿಗೆ ಕರುವಿನ ಮೈಗೆ ಎಟುಕುವಂತೆ ಕಟ್ಟಿದರೆ ಜೊತೆ, ಮೈ ತಿಕ್ಕುವುದು, ಚೀಪುವುದು ಈ ಮೂರೂ ಒಂದೇ ಏರ್ಪಾಡಿನಲ್ಲಿ ಸಿಗುತ್ತವೆ. ಕರುವನ್ನು ಕೊಟ್ಟಿಗೆಯ ಇನ್ನೊಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಗಿಡ್ಡ ಕಣ್ಣಿಯಿಂದ ಕಟ್ಟುವುದಕ್ಕೂ ಇದಕ್ಕೂ ಖರ್ಚಿನ ವ್ಯತ್ಯಾಸವೇ ಇಲ್ಲ. ಒಂದು ಗೂಟವನ್ನು ಕಿತ್ತು ಬೇರೆಡೆ ಹೊಡೆದರೆ ಆಯಿತು.

ತಾಯಿಯಿಂದ ಬೇರೆ ಮಾಡಿ ಬಕೆಟ್ಟಿನಲ್ಲಿ ಹಾಲು ಕುಡಿಸುವವರು ಒಂದು ವಿಷಯವನ್ನು ಹತ್ತಿರದಿಂದ ನೋಡಬೇಕು. ಹಾಲು ಮುಗಿದ ಮೇಲೆ ಕರು ಬಕೆಟ್ಟಿನ ಅಂಚನ್ನು ಚೀಪುತ್ತದೆ, ಅದನ್ನು ತೆಗೆದರೆ ಹಗ್ಗವನ್ನು, ಹಗ್ಗ ಎಟುಕದಿದ್ದರೆ ನಮ್ಮ ಬೆರಳನ್ನೋ ಪಂಚೆಯ ಅಂಚನ್ನೋ ಬಾಯಿಗೆ ಎಳೆದುಕೊಳ್ಳುತ್ತದೆ. ತುಟಿಯ ಸುತ್ತ ನೊರೆ ಕಟ್ಟಿರುತ್ತದೆ, ಬಾಲ ಒಂದೇ ಸಮನೆ ಅಲ್ಲಾಡುತ್ತಿರುತ್ತದೆ. ಇದು ಹಸಿವಿನಿಂದ ಮಾತ್ರ ಆಗುವುದಲ್ಲ. ಹಾಲಿನ ರುಚಿಯೇ ಚೀಪುವ ಆಸೆಯನ್ನು ಕೆರಳಿಸುತ್ತದೆ, ಆ ಆಸೆ ಸುಮಾರು ಹತ್ತು ನಿಮಿಷದಲ್ಲಿ ತಾನಾಗಿ ತಣಿಯುತ್ತದೆ. ಆ ಹತ್ತು ನಿಮಿಷ ಬರೀ ರಬ್ಬರ್ ಮೊಲೆತೊಟ್ಟನ್ನು ಚೀಪಲು ಕೊಟ್ಟರೂ ಜೀರ್ಣಕ್ಕೆ ಸಂಬಂಧಿಸಿದ ಇನ್ಸುಲಿನ್‌ನಂಥ ಹಾರ್ಮೋನುಗಳು ರಕ್ತದಲ್ಲಿ ಏರುತ್ತವೆ ಎಂದು 1993ರಷ್ಟು ಹಿಂದೆಯೇ ಕೆನಡಾದ ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ ತೆರೆದ ಬಕೆಟ್ ಮತ್ತು ತೊಟ್ಟಿರುವ ಬಕೆಟ್ ಅಥವಾ ಬಾಟಲಿ ಇವೆರಡರ ನಡುವೆ ಆರಿಸುವುದಾದರೆ ತೊಟ್ಟಿರುವುದನ್ನೇ ಆರಿಸಬೇಕು, ಹಾಲು ಖಾಲಿಯಾದ ಕೂಡಲೇ ಅದನ್ನು ಕಿತ್ತುಕೊಳ್ಳಬಾರದು. ಎರಡು ಕರುಗಳನ್ನು ಜೊತೆಯಲ್ಲಿಟ್ಟಾಗ ಒಂದರ ಹೊಕ್ಕುಳು ಕಿವಿಗಳನ್ನು ಇನ್ನೊಂದು ಚೀಪುತ್ತದೆ ಎಂಬ ದೂರಿಗೂ ಇದೇ ಪರಿಹಾರ. ತೊಟ್ಟನ್ನು ಪ್ರತಿಸಲ ಬಿಸಿನೀರಿನಲ್ಲಿ ತೊಳೆಯದಿದ್ದರೆ ಭೇದಿ ಬರುತ್ತದೆಂಬುದನ್ನು ಮರೆಯುವಂತಿಲ್ಲ.

ಒಣಹುಲ್ಲಿನ ವಿಷಯದಲ್ಲಿ ನಮ್ಮಲ್ಲಿ ಒಂದು ಹಿಂಜರಿಕೆ ಇದೆ: ಹಾಲು ಕುಡಿಯುವ ಕರುವಿಗೆ ಹುಲ್ಲು ಯಾಕೆ ಎಂದು ಅನೇಕರು ಕೊಡುವುದೇ ಇಲ್ಲ. ಹಾಲು ಕುಡಿಯುವ ವಯಸ್ಸಿನಲ್ಲೇ ಉದ್ದನೆಯ ಒಣಹುಲ್ಲನ್ನು ಕೊಟ್ಟಾಗ ಒಂಟಿ ಕರುಗಳ ನಾಲಿಗೆ ಹೊರಳಿಸುವಂಥ ಕೆಲವು ವರ್ತನೆಗಳು ತಗ್ಗಿದ್ದನ್ನು ಕ್ಯಾಲಿಫೋರ್ನಿಯಾದ ಡೇವಿಸ್‌ನ ಸಂಶೋಧಕರು 2023ರಲ್ಲಿ ವರದಿ ಮಾಡಿದರು. ಒಂದು ಹಿಡಿ ಮೃದುವಾದ ಒಣಹುಲ್ಲನ್ನು ಕರುವಿನ ಮೂತಿಯ ಎತ್ತರಕ್ಕೆ ಕಟ್ಟಿಡುವುದಕ್ಕೆ ಕಾಸಿನ ಖರ್ಚಿಲ್ಲ.

ಮೇವು: ಎಷ್ಟು ಎನ್ನುವುದರ ಜೊತೆಗೆ ಎಷ್ಟು ಹೊತ್ತು ಎಂಬ ಪ್ರಶ್ನೆ

ದೊಡ್ಡ ಹಸುವಿಗೆ ಜೊತೆ ಕೊಡಲಾಗದ ಮನೆಯಲ್ಲಿ ನಾನು ಎರಡನೆಯದಾಗಿ ಹೇಳುವುದು ಮೇವನ್ನೇ. ಮೇವು ಕತ್ತರಿಸುವ ಯಂತ್ರ ಬಂದ ಮೇಲೆ ಮೇವು ಪೋಲಾಗುವುದು ಕಡಿಮೆಯಾಗಿದೆ, ಜೋಳದ ಕಡ್ಡಿ ಮತ್ತು ನೇಪಿಯರ್ ಹುಲ್ಲಿನ ದಂಟುಗಳನ್ನು ಹಸು ಬಿಡದೆ ತಿನ್ನುತ್ತದೆ, ಆ ಅನುಕೂಲವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಎಲ್ಲವನ್ನೂ ಕತ್ತರಿಸಿ ಹಾಕಬೇಕಾಗಿಲ್ಲ. ಹಸಿಮೇವನ್ನು ಕತ್ತರಿಸಿ ಹಾಕಿ, ರಾಗಿಹುಲ್ಲನ್ನೋ ಭತ್ತದ ಹುಲ್ಲನ್ನೋ ಮೆದೆಯಿಂದ ಹಿರಿದು ಉದ್ದಕ್ಕೇ ಹಾಕಿದರೆ, ಎಳೆದು ತಿನ್ನುವ ಕೆಲಸ ಉಳಿಯುತ್ತದೆ. ಅಷ್ಟೇ ಮೇವನ್ನು ಎರಡು ಹೊತ್ತಿನ ಬದಲು ನಾಲ್ಕು ಹೊತ್ತಿಗೆ ಹಂಚಿ, ಕೊನೆಯ ಕಂತೆಯನ್ನು ರಾತ್ರಿ ಮಲಗುವ ಮುಂಚೆ ಹಾಕಿದರೆ ಹಸುವಿನ ರಾತ್ರಿ ಬರಿದಾಗುವುದಿಲ್ಲ. ಹೊಲದ ಕೆಲಸಕ್ಕೆ ಹೋಗುವ ಮನೆಯಲ್ಲಿ ಹಗಲು ನಾಲ್ಕು ಸಲ ಬಂದು ಹಾಕುವುದು ಆಗದ ಮಾತು. ಅಂಥಲ್ಲಿ ಮರದ ಪಟ್ಟಿಗಳ ನಡುವಿನಿಂದ ಸ್ವಲ್ಪಸ್ವಲ್ಪವೇ ಎಳೆದು ತಿನ್ನುವಂಥ ಹುಲ್ಲಿನ ತಡಿಕೆಯನ್ನು ಗೋದಲಿಯ ಮೇಲೆ ಹೊಂದಿಸುವುದು ಹೆಚ್ಚು ಉಪಯೋಗ. ಪ್ಲಾಸ್ಟಿಕ್ ಬಲೆಯಲ್ಲಿ ಹುಲ್ಲು ತುಂಬಿ ನೇತುಹಾಕುವುದು ಅಗ್ಗವಾದರೂ, ಬಲೆಯ ಎಳೆಗಳು ಹೊಟ್ಟೆ ಸೇರುವುದರಿಂದಲೂ ಕೊಂಬು ಕಾಲು ಸಿಕ್ಕಿಕೊಳ್ಳುವುದರಿಂದಲೂ ನಾನು ಅದನ್ನು ಬೇಡವೆನ್ನುತ್ತೇನೆ.

ನೆಕ್ಕುವ ಖನಿಜದ ಇಟ್ಟಿಗೆ ಇದರ ಜೊತೆಗೆ ಒಳ್ಳೆಯ ಸೇರ್ಪಡೆ. ಯೂರಿಯಾ ಮತ್ತು ಬೆಲ್ಲದ ಮಡ್ಡಿ ಸೇರಿದ ಇಟ್ಟಿಗೆಯಾದರೆ ದೊಡ್ಡ ದನಕ್ಕೆ ಮಾತ್ರ ಇಡಬೇಕು. ಆರು ತಿಂಗಳೊಳಗಿನ ಕರುವಿನ ಹೊಟ್ಟೆ ಯೂರಿಯಾವನ್ನು ತಡೆಯುವುದಿಲ್ಲ.

ಮೈ ತಿಕ್ಕುವುದು: ಕಂಬ, ಬ್ರಷ್, ಕೈ

ದನಕ್ಕೆ ಮೈ ತಿಕ್ಕಿಕೊಳ್ಳುವುದು ಎಷ್ಟು ಮುಖ್ಯ ಎಂಬುದನ್ನು ಅಳೆದ ರೀತಿ ನನಗೆ ಬಹಳ ಮೆಚ್ಚುಗೆಯಾಗಿದೆ. ಬ್ರಿಟಿಷ್ ಕೊಲಂಬಿಯಾದಲ್ಲೇ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಸು ತಲೆಯಿಂದ ತಳ್ಳಿ ತೆರೆಯಬೇಕಾದ ಬಾಗಿಲಿಗೆ ದಿನದಿನವೂ ಭಾರ ಹೆಚ್ಚಿಸುತ್ತ ಹೋದರು. ಬಾಗಿಲ ಆಚೆ ತಾಜಾ ಮೇವಿದ್ದಾಗ ಹಸುಗಳು ಎಷ್ಟು ಭಾರ ತಳ್ಳಿದವೋ, ಯಂತ್ರದ ಬ್ರಷ್ ಇದ್ದಾಗಲೂ ಹೆಚ್ಚುಕಡಿಮೆ ಅಷ್ಟೇ ಭಾರ ತಳ್ಳಿದವು. ಮೇವಿನಷ್ಟೇ ಬೆಲೆಯನ್ನು ಹಸುವೇ ಬ್ರಷ್‌ಗೆ ಕಟ್ಟಿದೆ ಎಂದ ಮೇಲೆ ಅದನ್ನು ಶೋಕಿ ಎನ್ನಲಾಗದು. ತಮಿಳುನಾಡಿನಲ್ಲಿ ಮತ್ತು ಶ್ರೀಲಂಕೆಯ ಜಾಫ್ನಾದಲ್ಲಿ ದನಗಳು ಮೈ ಉಜ್ಜಿಕೊಳ್ಳಲೆಂದೇ ನೀರಿನ ತೊಟ್ಟಿಗಳ ಬಳಿ ‘ಆವುರಿಂಜಿ ಕಲ್’ ಎಂಬ ಕಲ್ಲುಗಂಬಗಳನ್ನು ನೆಡುತ್ತಿದ್ದರು. ಪ್ರಯೋಗಾಲಯಕ್ಕಿಂತ ಎಷ್ಟೋ ಮುಂಚೆ ಈ ತಿಳಿವಳಿಕೆ ನಮ್ಮ ನೆರೆಯಲ್ಲಿತ್ತು.

ಈಗ ಆಯ್ಕೆಗಳನ್ನು ಹೋಲಿಸೋಣ. ಮೈ ತಾಗಿದ ಕೂಡಲೇ ತಿರುಗುವ ವಿದ್ಯುತ್ ಬ್ರಷ್ ಬೆನ್ನು, ಸೊಂಟ, ಬಾಲದ ಬುಡಗಳನ್ನೆಲ್ಲ ತಲುಪುತ್ತದೆ, ಆದರೆ ಅದು ಬಿಡಿಯಾಗಿ ಓಡಾಡುವ ಹತ್ತಾರು ಹಸುಗಳ ಫಾರಂಗೆ ಹೊಂದುವ ವಸ್ತು. ಕಟ್ಟಿದ ಒಂದು ಹಸುವಿಗೆ ಅದನ್ನು ತರುವುದು ಹಣ ಪೋಲು, ಹಗ್ಗದಲ್ಲಿರುವ ಹಸು ಅದರ ಕೆಳಗೆ ತಿರುಗಿ ನಿಲ್ಲಲೂ ಆಗುವುದಿಲ್ಲ. ಗಟ್ಟಿ ಕಡ್ಡಿಯ ನೆಲ ಉಜ್ಜುವ ಬ್ರಷ್‌ಗಳನ್ನು ಕಂಬಕ್ಕೆ ಎರಡು ಎತ್ತರಗಳಲ್ಲಿ, ಒಂದು ಕತ್ತಿನ ಮಟ್ಟಕ್ಕೆ, ಇನ್ನೊಂದು ಬೆನ್ನಿನ ಅಂಚಿಗೆ, ಮೊಳೆಯ ತುದಿ ಹೊರಚಾಚದಂತೆ ಬಿಗಿದರೆ ಒಂದು ಹಸುವಿಗೆ ಸಾಕು. ಅದನ್ನು ಗೋದಲಿಯ ಹತ್ತಿರವೇ ಕೂರಿಸಬೇಕು, ಏಕೆಂದರೆ ಬ್ರಷ್ ಮೇವಿನಿಂದ ದೂರವಾದಷ್ಟೂ ಹಸು ಅದನ್ನು ಬಳಸುವುದು ಕಡಿಮೆಯಾಗುತ್ತದೆ.

ಮೂರನೆಯ ಆಯ್ಕೆ ನಮ್ಮ ಕೈ. ಒಂಟಿ ಹಸುವಿಗೆ ಇದರಷ್ಟು ಸೂಕ್ತವಾದದ್ದು ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ, ಏಕೆಂದರೆ ಮತ್ತೊಂದು ಹಸುವಿನ ನಾಲಿಗೆ ಮಾಡಬೇಕಾದ ಕೆಲಸವನ್ನು ಇಲ್ಲಿ ನಾವು ಮಾಡುತ್ತೇವೆ. ವಿಯೆನ್ನಾದಲ್ಲಿ 2008ರಲ್ಲಿ ಹಸುವಿನ ಬೇರೆ ಬೇರೆ ಭಾಗಗಳನ್ನು ಸವರಿ ನೋಡಿದಾಗ, ಹಸುಗಳು ಪರಸ್ಪರ ಹೆಚ್ಚಾಗಿ ನೆಕ್ಕಿಕೊಳ್ಳುವ ಕತ್ತಿನ ಕೆಳಭಾಗವನ್ನು ಸವರಿದಾಗಲೇ ಅವು ಕತ್ತು ಚಾಚಿ ಕಿವಿ ಜೋಲುಬಿಡುವುದು ಹೆಚ್ಚಾಗಿ ಕಂಡಿತು. ಗಂಗೆದೊಗಲಿನ ಬುಡದಿಂದ ಗದ್ದದವರೆಗೆ ಐದು ನಿಮಿಷ ನಿಧಾನವಾಗಿ ಸವರಿ ನೋಡಿ: ಮೊದಲು ಮೂತಿ ಮುಂದೆ ಚಾಚುತ್ತದೆ, ಆಮೇಲೆ ಕಿವಿಗಳು ಎರಡೂ ಪಕ್ಕಕ್ಕೆ ಇಳಿಯುತ್ತವೆ, ಕೊನೆಗೆ ಕೈ ತೆಗೆದರೆ ತಲೆಯಿಂದ ನಮ್ಮ ತೋಳನ್ನು ಮೆಲ್ಲನೆ ತಳ್ಳುತ್ತದೆ. ದಿನವೂ ಹೀಗೆ ಮುಟ್ಟಿಸಿಕೊಂಡ ಹಸು ಕರೆಯುವಾಗ, ಸೂಜಿ ಹಾಕಿಸುವಾಗ ಬೆದರುವುದೂ ಕಡಿಮೆ.

ಹಗ್ಗ ಮತ್ತು ಬಯಲು

ಬ್ರಿಟಿಷ್ ಕೊಲಂಬಿಯಾದ ಅದೇ ಬಗೆಯ ಭಾರದ ಬಾಗಿಲಿನ ಪ್ರಯೋಗವನ್ನು ಹುಲ್ಲುಗಾವಲಿಗೂ ಮಾಡಿದ್ದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹಸುಗಳು ಬಯಲಿಗೆ ಹೋಗಲು ತಾಜಾ ಮೇವಿಗಾಗಿ ಪಟ್ಟಷ್ಟೇ ಶ್ರಮ ಪಟ್ಟವು, ರಾತ್ರಿಯ ಹೊತ್ತು ಈ ಆಸೆ ಇನ್ನೂ ಹೆಚ್ಚಾಗಿತ್ತು. ಸ್ವೀಡನ್ 1988ರಲ್ಲೇ ಹಾಲಿನ ಹಸುಗಳನ್ನು ಬೇಸಿಗೆಯಲ್ಲಿ ಬಯಲಿಗೆ ಬಿಡಬೇಕೆಂದು ಕಾನೂನು ಮಾಡಿತು. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು, ಅತಿ ಗಿಡ್ಡ ಅಥವಾ ಅತಿ ಭಾರದ ಹಗ್ಗ ಸರಪಳಿಯಲ್ಲಿ ಪ್ರಾಣಿಯನ್ನು ಮಿತಿಮೀರಿದ ಹೊತ್ತು ಕಟ್ಟುವುದನ್ನು ಅಪರಾಧವೆನ್ನುತ್ತದೆ. ಹಗ್ಗದ ಉದ್ದ ಬರೀ ಅಭ್ಯಾಸದ ಮಾತಲ್ಲ ಎಂಬುದಕ್ಕೆ ಇದು ಸಾಕು.

ಇಲ್ಲಿ ಮೂರು ಹಂತಗಳಿವೆ, ಮೂರಕ್ಕೂ ಬೆಲೆ ಬೇರೆ. ಮೊದಲನೆಯದು ಇರುವ ಜಾಗದಲ್ಲೇ ಹಗ್ಗವನ್ನು ಸರಿಪಡಿಸುವುದು. ಮಲಗಿದ ಹಸು ತಲೆಯನ್ನು ಹಿಂದಕ್ಕೆ ತಿರುಗಿಸಿ ತನ್ನ ಪಕ್ಕೆಗೆ ಒರಗಿಸಿಕೊಳ್ಳುವಷ್ಟು, ತನ್ನ ಸೊಂಟವನ್ನು ತಾನೇ ನೆಕ್ಕಿಕೊಳ್ಳುವಷ್ಟು ಉದ್ದವಿರಬೇಕು, ಆದರೆ ಕಾಲಿಗೆ ತೊಡರಬಾರದು. ಮೂಗುದಾರಕ್ಕೆ ನೇರವಾಗಿ ಗೂಟದ ಹಗ್ಗ ಕಟ್ಟುವುದಕ್ಕಿಂತ ಕತ್ತಿನ ಕಣ್ಣಿಗೆ ಕಟ್ಟುವುದು ಯಾವಾಗಲೂ ಮೇಲು. ಎರಡನೆಯದು ದಿನಕ್ಕೆ ಒಂದೆರಡು ಗಂಟೆ ಬಿಡುವುದು ಅಥವಾ ತೋಟದಲ್ಲಿ ಉದ್ದ ಹಗ್ಗದಲ್ಲಿ ಕಟ್ಟುವುದು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಗೆ ಬಿಸಿಲು ತಡೆಯದಾದ್ದರಿಂದ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಬಯಲಿಗೆ ಕಟ್ಟುವುದು ಉಪಕಾರವಲ್ಲ, ಅಪಕಾರ. ಬೆಳಗಿನ ಕರೆತ ಮುಗಿದ ಮೇಲೆ ಮತ್ತು ಸಂಜೆ ತಂಪಿನಲ್ಲಿ ಬಿಡಬೇಕು. ರಾತ್ರಿ ಬಿಡುವುದು ಹಸುವಿಗೆ ಇಷ್ಟವಾದರೂ ಮೈಸೂರು, ತುಮಕೂರಿನ ಚಿರತೆ ಓಡಾಡುವ ಊರುಗಳಲ್ಲಿ ಅದು ಸಲ್ಲದು.

ಮೂರನೆಯದು ಹಗ್ಗವನ್ನೇ ತೆಗೆದು ಬೇಲಿಯೊಳಗೆ ಬಿಡುವ ಬಿಡಿ ಕೊಟ್ಟಿಗೆ. ನಮ್ಮಲ್ಲಿ ಬಳಕೆಯಲ್ಲಿರುವ ಅಳತೆಯಂತೆ ಒಂದು ಹಸುವಿಗೆ 3.5 ಚದರ ಮೀಟರ್ ಸೂರಿನ ಜಾಗ ಮತ್ತು 7 ಚದರ ಮೀಟರ್ ತೆರೆದ ಜಾಗ ಬೇಕು, ಅಂದರೆ ಸುಮಾರು 38 ಮತ್ತು 75 ಚದರ ಅಡಿ. ಹಿತ್ತಲಿರುವ ಮನೆಗೆ ಇದು ದೊಡ್ಡ ಜಾಗವಲ್ಲ. ಕಲ್ಲುಕಂಬ ಮತ್ತು ಅಡಿಕೆ ದಬ್ಬೆಯಲ್ಲಿ ಬೇಲಿ ಹಾಕಿ, ನೀರಿನ ತೊಟ್ಟಿಯನ್ನು ಒಂದು ಮೂಲೆಗೂ ಹುಲ್ಲಿನ ತಡಿಕೆಯನ್ನು ಇನ್ನೊಂದು ಮೂಲೆಗೂ ಇಟ್ಟರೆ ಹಸು ನಡೆಯುವುದಕ್ಕೆ ಕಾರಣ ಹುಟ್ಟುತ್ತದೆ, ಗೊರಸು ಸವೆಯುತ್ತದೆ, ಬೆದೆಗೆ ಬಂದದ್ದೂ ಬೇಗ ತಿಳಿಯುತ್ತದೆ. ಇದರ ತೊಂದರೆ ಮಳೆಗಾಲದ ಕೆಸರು. ಮಲೆನಾಡಿನಲ್ಲಿ ತೆರೆದ ಜಾಗಕ್ಕೆ ಜಲ್ಲಿ ಮರಳು ಹಾಸದೆ ಈ ಪದ್ಧತಿ ಇಟ್ಟುಕೊಂಡರೆ ಕೆಚ್ಚಲುಬಾವು ಬರುವುದು ಖಂಡಿತ.

ಹಾಡು, ಚೆಂಡು, ಟೈರು

2001ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದವರು ನಿಧಾನಗತಿಯ ಸಂಗೀತ ಕೇಳಿಸಿದಾಗ ಹಸುವೊಂದಕ್ಕೆ ದಿನಕ್ಕೆ 0.73 ಲೀಟರ್ ಹಾಲು ಹೆಚ್ಚಿತು ಎಂದು ಹೇಳಿದ್ದು ಎಲ್ಲೆಡೆ ಸುದ್ದಿಯಾಯಿತು. ರೇಡಿಯೋ ಹಾಕುವುದರಿಂದ ನಷ್ಟವಿಲ್ಲ, ಕರೆಯುವವರ ಮನಸ್ಸೂ ಶಾಂತವಾಗಿರುತ್ತದೆ, ಆದರೆ ಮೇಲೆ ಹೇಳಿದ ಯಾವುದಕ್ಕೂ ಅದು ಬದಲಿಯಲ್ಲ. ಚೆಂಡು, ಡಬ್ಬಗಳನ್ನು ನೇತುಹಾಕಿದರೆ ಕರುಗಳು ಒಂದೆರಡು ದಿನ ತಳ್ಳಿ ಆಡಿ ಆಮೇಲೆ ಮರೆಯುತ್ತವೆ, ವಾರಕ್ಕೊಮ್ಮೆ ಬದಲಾಯಿಸಿದರೆ ಮಾತ್ರ ಉಪಯೋಗ. ಹಳೆಯ ಟೈರನ್ನು ಮಾತ್ರ ಕೊಟ್ಟಿಗೆಗೆ ತರಬೇಡಿ. ಸವೆದ ಟೈರಿನ ಉಕ್ಕಿನ ಎಳೆ ಹೊಟ್ಟೆ ಸೇರಿ ಗುಂಡಿಗೆಯ ಕಡೆಗೆ ಚುಚ್ಚಿ ಹಸು ಸಾಯಬಹುದು.

ಹೋರಿಯ ಬಗ್ಗೆ ಒಂದು ಮಾತು

ಹೋರಿಕರುವನ್ನು ಬೇರೆ ದನಗಳಿಂದ ದೂರವಿಟ್ಟು ಕೈತುತ್ತು ಹಾಕಿ ಸಾಕಿದರೆ ಅದು ಮನುಷ್ಯರಿಗೆ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ ಹಾವೇರಿಯ ಹೋರಿ ಹಬ್ಬದ ಕಡೆಯಷ್ಟೇ ಅಲ್ಲ, ಬೀಜದ ಹೋರಿ ಸಾಕುವ ಎಲ್ಲೆಡೆಯೂ ಕೇಳಿಬರುತ್ತದೆ. 1990ರಲ್ಲಿ ಅಮೆರಿಕದ ಪ್ರೈಸ್ ಮತ್ತು ವಾಲಕ್ ಅವರು ಹೆರ್‌ಫರ್ಡ್ ಹೋರಿಗಳಲ್ಲಿ ಕಂಡದ್ದು ಇದಕ್ಕೆ ತೀರಾ ವಿರುದ್ಧ: ಕೈಯಲ್ಲಿ ಸಾಕಿದರೂ ಗುಂಪಿನಲ್ಲಿ ಬೆಳೆದವು ಸುಮ್ಮನಿದ್ದವು, ಒಂಟಿಯಾಗಿ ಬೆಳೆದವೇ ಮನುಷ್ಯರ ಮೇಲೆ ಏರಿಬಂದವು. ಆದ್ದರಿಂದ ಹೋರಿಕರುವಿಗೆ ಬೇರೆ ಯಾವ ಆಯ್ಕೆಯನ್ನೂ ತೂಗದೆ ಮೊದಲು ಜೊತೆಯನ್ನೇ ಕೊಡಬೇಕು. ಬೆಳೆದ ಹೋರಿಗೆ ಗುದ್ದಲು ಗಟ್ಟಿಯಾಗಿ ಹೂತ ಮರದ ದಿಮ್ಮಿ, ಕೊಂಬು ತಿಕ್ಕಲು ಮಣ್ಣಿನ ದಿಬ್ಬ ಇರಲಿ.

ಒಂದನ್ನೇ ಮಾಡಲು ಸಾಧ್ಯವಿದ್ದರೆ

ಕರುವಾದರೆ ತಾಯಿಯ ಹತ್ತಿರ ಗೂಟ ಬದಲಾಯಿಸಿ, ಅದಾಗದಿದ್ದರೆ ತೊಟ್ಟಿನಿಂದ ಹಾಲು ಕುಡಿಸಿ. ಬಯಲಿಲ್ಲದ ಪೇಟೆಯ ಮನೆಯ ಹಸುವಾದರೆ ರಾತ್ರಿಯ ಉದ್ದ ಹುಲ್ಲು ಮತ್ತು ದಿನದ ಐದು ನಿಮಿಷದ ಕೈ ಮೊದಲು, ಕಂಬದ ಬ್ರಷ್ ಆಮೇಲೆ. ಹಿತ್ತಲಿದ್ದರೆ ಬ್ರಷ್‌ನ ಹಣವನ್ನು ಬೇಲಿಗೆ ಹಾಕಿ. ಕಾಯಿಲೆಯ ಹಸುವಿಗೆ ಮೆತ್ತಗಿನ ಹಾಸು ಮತ್ತು ಕಣ್ಣಳತೆಯಲ್ಲಿ ಇನ್ನೊಂದು ದನ, ಇಷ್ಟು ಸಾಕು.

ಬದಲಾವಣೆ ಮಾಡುವ ಮುಂಚೆ ಒಂದು ವಾರ, ಮಾಡಿದ ಮೇಲೆ ಎರಡು ವಾರ, ದಿನವೂ ಒಂದೇ ಹೊತ್ತಿಗೆ ಕಾಲು ಗಂಟೆ ದೂರ ಕುಳಿತು ಹಸು ಏನು ಮಾಡುತ್ತಿದೆ ಎಂದು ಬರೆದಿಡಿ: ಮಲಗಿದೆಯೇ, ಮೆಲುಕು ಹಾಕುತ್ತಿದೆಯೇ, ನಾಲಿಗೆ ಹೊರಳಿಸಿತೇ, ಹಗ್ಗ ಅಗಿಯಿತೇ. ಒಂದು ತುತ್ತಿನ ಮೆಲುಕಿಗೆ ಐವತ್ತರಿಂದ ಎಪ್ಪತ್ತು ಸಲ ಅಗಿಯುವುದು ಸಾಮಾನ್ಯ, ಅದನ್ನೂ ಎಣಿಸಬಹುದು. ಕಂಬಕ್ಕೆ ಬ್ರಷ್ ಹಾಕಿದವರು ಈ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿ, ಏಕೆಂದರೆ ಸೆಕೆ ಹೆಚ್ಚಾದಾಗ, ಕೃತಕ ಗರ್ಭಧಾರಣೆ ಮಾಡಿಸಿದ ಮೇಲೆ, ಗರ್ಭಕೋಶದ ಸೋಂಕು ತಗುಲಿದಾಗ ಹಸುಗಳು ಬ್ರಷ್ ಬಳಸುವುದನ್ನು ಕಡಿಮೆ ಮಾಡುತ್ತವೆ. ಮೇವು ಬಿಡುವ ಮುಂಚೆಯೇ ಇದು ಕಾಣಿಸಬಹುದು. ದಿನವೂ ತಿಕ್ಕಿಕೊಳ್ಳುತ್ತಿದ್ದ ಹಸು ಒಂದು ದಿನ ಬ್ರಷ್ ಕಡೆ ತಿರುಗದಿದ್ದರೆ, ಅಂದು ಸಂಜೆ ಕರೆಯುವ ಮೊದಲು ಥರ್ಮಾಮೀಟರ್ ಇಟ್ಟು 101.5 ಡಿಗ್ರಿಯ ಆಸುಪಾಸಿನಲ್ಲಿದೆಯೇ ನೋಡಿ, ಇಲ್ಲದಿದ್ದರೆ ಪಶುವೈದ್ಯರಿಗೆ ಹೇಳಿ ಕಳುಹಿಸಿ.